ಮೂರು ಮಿಲಿಮೀಟರ್

ಇಪ್ಪತ್ತೆಂಟು ವರ್ಷಗಳಿಂದ ನಾನು ಮಾಡುತ್ತಿರುವುದು ಒಂದೇ ಕೆಲಸ. ಜನರ ಪಾದಕ್ಕೂ ನೆಲಕ್ಕೂ ನಡುವೆ ಏನಾದರೊಂದು ಇಡುತ್ತೇನೆ. ಶೂ ಒಳಗೆ ಹಾಕಿಕೊಳ್ಳುವ ಮೆತ್ತನೆಯ ಅಟ್ಟೆ. ಅಂಗಡಿಯವರು ಇನ್‌ಸೋಲ್ ಅನ್ನುತ್ತಾರೆ. ಚಪ್ಪಟೆ ಪಾದದವರು, ಹಿಮ್ಮಡಿ ನೋವಿನವರು, ಸಕ್ಕರೆ ಕಾಯಿಲೆಯಿಂದ ಅಂಗಾಲಿನಲ್ಲಿ ಹುಣ್ಣಾದವರು, ದಿನವಿಡೀ ನಿಂತೇ ಇರುವ ಕ್ಷೌರಿಕರು, ಎಲ್ಲರೂ ಡಾಕ್ಟರ ಚೀಟಿ ಹಿಡಿದು ನಮ್ಮ ಮನೆಯ ಕೆಳಗಿನ ಕೋಣೆಗೆ ಬರುತ್ತಾರೆ. ನಾನು ಅವರ ಪಾದದ ಅಚ್ಚು ತೆಗೆದು, ಫೋಮ್ ಹಾಳೆಯನ್ನು ಬಿಸಿ ಮಾಡಿ ಅಚ್ಚಿನ ಮೇಲೆ ಕೂರಿಸಿ, ಗ್ರೈಂಡರಿಗೆ ಹಿಡಿದು ಅಂಚು ಇಳಿಸುತ್ತೇನೆ. ಕಸುಬು ಇರುವುದೇ ಈ ಅಂಚು ಇಳಿಸುವುದರಲ್ಲಿ. ನಡುವೆ ಎಷ್ಟೇ ದಪ್ಪವಿರಲಿ, ಅಂಚಿಗೆ ಬರುವಷ್ಟರಲ್ಲಿ ಅದು ಕಾಗದಕ್ಕಿಂತ ತೆಳ್ಳಗಾಗಿ, ಇಲ್ಲವೇ ಇಲ್ಲ ಅನ್ನಿಸಬೇಕು. ನನಗೆ ಕೆಲಸ ಕಲಿಸಿದ ಯಜಮಾನರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು: “ಕೆಳಗೆ ಆಸರೆ ಇದೆ ಅಂತ ಕಾಲಿಗೆ ಗೊತ್ತಾಯ್ತು ಅಂದ್ರೆ, ನೀನು ಕೆಲಸ ಕೆಡಿಸಿದೆ ಅಂತ.” ನಾನು ಕೆಡಿಸಿದ್ದು ಕಡಿಮೆ. ಜಂಬ ಅಂದುಕೊಂಡರೂ ಚಿಂತೆಯಿಲ್ಲ.

ಇಂಥವನ ಹೆಂಡತಿ ಒಂದು ಸಂಜೆ ಡ್ಯೂಟಿ ಮುಗಿಸಿ ಬಂದು, ಚೀಲದಿಂದ ಒಂದು ಜೊತೆ ಶೂ ತೆಗೆದು ಊಟದ ಮೇಜಿನ ಮೇಲಿಟ್ಟಳು. ಎತ್ತಿ ನೋಡಿದೆ. ತೂಕವೇ ಇಲ್ಲ. ಹಿಮ್ಮಡಿ ಕಡೆ ಎತ್ತರವಿಲ್ಲ, ನಡುವೆ ಉಬ್ಬಿಲ್ಲ, ಮೆತ್ತೆಯಂತೂ ಹೆಸರಿಗೂ ಇಲ್ಲ. ಎರಡು ಬೆರಳಲ್ಲಿ ಸುರುಳಿ ಸುತ್ತಿ ಜೇಬಿಗೆ ಹಾಕಿಕೊಳ್ಳಬಹುದು.

“ಇದು ಶೂ ಅಲ್ಲ,” ಅಂದೆ. “ಲೇಸ್ ಕಟ್ಟಿರೋ ಕಾಲುಚೀಲ.”

ನಮ್ಮ ಅತ್ತೆ, ಅಂದರೆ ಅವಳ ತಾಯಿ, ನಮ್ಮ ಜೊತೆಯಲ್ಲೇ ಇದ್ದಾರೆ. ಕುರ್ಚಿಯಲ್ಲಿ ಕೂತಿದ್ದವರು ತಮ್ಮ ಬರಿಗಾಲನ್ನು ಮುಂದೆ ಚಾಚಿದರು. “ನಾನು ಎಪ್ಪತ್ತೆಂಟು ವರ್ಷದಿಂದ ಮನೇಲಿ ಇದನ್ನೇ ಹಾಕ್ಕೊಂಡಿದೀನಿ ಅಳಿಯಂದಿರೇ. ಅಂಗಡೀಲಿ ಸಿಗುತ್ತೆ ಅಂತ ಗೊತ್ತಿರ್ಲಿಲ್ಲ ಅಷ್ಟೆ.”

ಹೆಂಡತಿ ನಗಲಿಲ್ಲ. ಅವಳಿಗೆ ಇದು ನಗುವ ವಿಷಯವಾಗಿರಲಿಲ್ಲ.

ಅವಳು ಅಗ್ನಿಶಾಮಕ ಠಾಣೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಇದ್ದಾಳೆ. ಗಂಟೆ ಹೊಡೆದರೆ ಗಾಡಿ ಹತ್ತಿ ಹೋಗುವವರಲ್ಲಿ ಅವಳೊಬ್ಬಳು. ಹಾಗೆ ಹೋಗಲು ಪ್ರತಿ ವರ್ಷ ಒಂದು ಪರೀಕ್ಷೆ ಇದೆ: ಎರಡೂವರೆ ಕಿಲೋಮೀಟರನ್ನು ಹದಿನೈದು ನಿಮಿಷದೊಳಗೆ ಓಡಿ ಮುಗಿಸಬೇಕು. ಮುಗಿಸದವರನ್ನು ಕಂಟ್ರೋಲ್ ರೂಮಿಗೆ ಹಾಕುತ್ತಾರೆ. ಅಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, “ವಿಳಾಸ ಹೇಳಿ, ಒಳಗೆ ಯಾರಾದರೂ ಇದ್ದಾರಾ” ಎಂದು ಕೇಳುತ್ತಾ ಕೂರಬೇಕು. ಸಂಬಳ ಅದೇ, ಮಾನ ಮರ್ಯಾದೆಯೂ ಅದೇ. ಆದರೆ ಅವಳಿಗೆ ಆ ಕುರ್ಚಿಯ ಮಾತೆತ್ತಿದರೆ ಮುಖ ಸಿಡುಕಾಗುತ್ತಿತ್ತು. “ಬೇರೆಯವರನ್ನ ಬೆಂಕಿಗೆ ಕಳಿಸಿ ನಾನು ಫ್ಯಾನ್ ಕೆಳಗೆ ಕೂತ್ಕೋಬೇಕಾ?” ಎನ್ನುತ್ತಿದ್ದಳು. ಕಳೆದ ವರ್ಷ ಅವಳು ಪಾಸಾದದ್ದು ಹನ್ನೊಂದೇ ಸೆಕೆಂಡು ಉಳಿದಿರುವಾಗ, ಆಮೇಲೆ ಬಲ ಮಂಡಿ ಊದಿಕೊಂಡು ಒಂದು ವಾರ ಐಸ್ ಇಟ್ಟುಕೊಂಡಿದ್ದಳು. ಈ ವರ್ಷ ಅಭ್ಯಾಸಕ್ಕೆಂದು ಎರಡು ದಿನ ಓಡಿದ್ದಕ್ಕೇ ಮಂಡಿ ಊದಿತು. ಅವಳ ಶೂ ಒಳಗೆ ಇದ್ದದ್ದು ನನ್ನ ಅಟ್ಟೆ. ನಾನು ಮಾಡಿದವುಗಳಲ್ಲೇ ಚೆನ್ನಾದ ಜೊತೆ ಅದು. ಅದನ್ನು ಯಾರೂ ಎತ್ತಿ ಆಡಲಿಲ್ಲ, ನಾನೂ ಆಡಲಿಲ್ಲ.

ಠಾಣೆಯ ವ್ಯಾಯಾಮ ಶಿಕ್ಷಕ ಅವಳ ಓಟ ನೋಡಿದ್ದನಂತೆ. ಅವನಿಗೆ ಎಲ್ಲರೂ ಸೀಟಿ ಅನ್ನುತ್ತಾರೆ, ಚಹಾ ಕುಡಿಯುವಾಗಲೂ ಕೊರಳಲ್ಲಿ ಅದು ನೇತಾಡುತ್ತಿರುತ್ತದೆ. “ಮೇಡಂ, ನೀವು ಕಾಲನ್ನ ದೂರ ಎಸೆದು ಹಿಮ್ಮಡೀನ ನೆಲಕ್ಕೆ ಗುದ್ದುತೀರ. ಗುದ್ದು ಮಂಡಿಗೆ ಬರುತ್ತೆ. ಶೂ ಮೆತ್ತಗಿರೋದ್ರಿಂದ ನಿಮಗೆ ಗುದ್ದೋದೇ ಗೊತ್ತಾಗಲ್ಲ,” ಎಂದನಂತೆ. ತೆಳು ಶೂನಲ್ಲಿ ಹಾಗೆ ಗುದ್ದಿದರೆ ಕೂಡಲೇ ನೋಯುತ್ತದೆ, ಕಾಲು ತಾನಾಗಿ ಹೆಜ್ಜೆ ಚಿಕ್ಕದು ಮಾಡಿಕೊಳ್ಳುತ್ತದೆ. ಪರೀಕ್ಷೆಗೆ ಹದಿನಾರು ವಾರ ಇದೆ. ಮೊದಲ ವಾರ ಒಂದೊಂದೇ ನಿಮಿಷ ಓಡಬೇಕು, ನಡುವೆ ನಡೆಯಬೇಕು. ಪಾದ ನೊಂದರೆ ನಿಲ್ಲಿಸಬೇಕು. ನೋವು ಹೋಗುವವರೆಗೆ ನಿಮಿಷ ಹೆಚ್ಚಿಸುವಂತಿಲ್ಲ. ಇದಿಷ್ಟನ್ನು ಅವನು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದ. ಹಾಳೆಯ ಕೊನೆಯಲ್ಲಿ ಎರಡು ಗೆರೆ ಎಳೆದಿದ್ದ ಸಾಲು: “ನೋವೇ ಮೇಷ್ಟ್ರು.”

ಓದಿ ನನಗೆ ಮೈಯೆಲ್ಲ ಉರಿಯಿತು. ನೋವು ಕಳೆಯಲೆಂದೇ ನಾನು ಅರ್ಧ ಆಯುಷ್ಯ ಗ್ರೈಂಡರಿನ ಧೂಳು ಕುಡಿದಿದ್ದೇನೆ, ಇವನು ಅದನ್ನು ಮೇಷ್ಟ್ರು ಅನ್ನುತ್ತಾನೆ. ಆದರೂ ಬಾಯಿ ಮುಚ್ಚಿಕೊಂಡೆ. ನನ್ನ ಅಟ್ಟೆಯಿಂದ ಮಂಡಿ ವಾಸಿಯಾಗದಿರುವಾಗ ಬಾಯಿ ತೆರೆಯಲು ಮುಖವಾದರೂ ಬೇಕಲ್ಲ.

ಮೊದಲ ವಾರ ಅವಳ ಮೀನಖಂಡ ಕಲ್ಲಾಯಿತು. ಮೆಟ್ಟಿಲನ್ನು ಕಂಬಿ ಹಿಡಿದು ಹಿಂದುಮುಂದಾಗಿ ಇಳಿಯುತ್ತಿದ್ದಳು. ನೆರೆಮನೆಯ ಮಾಸ್ತರರು ನೋಡಿ, “ಏನು, ರಿವರ್ಸ್ ಗೇರಾ?” ಅಂದರು. ಆದರೆ ಮಂಡಿ ಊದಲಿಲ್ಲ. ಎರಡನೆಯ ವಾರವೂ ಊದಲಿಲ್ಲ. ಅವಳ ಹೆಜ್ಜೆ ಚಿಕ್ಕದಾಯಿತು, ಸದ್ದು ಕಡಿಮೆಯಾಯಿತು. ಬೆಳಿಗ್ಗೆ ಅವಳು ಓಡಿ ಬರುವುದು ಮೊದಲೆಲ್ಲ ಬೀದಿಯ ತಿರುವಿನಿಂದಲೇ ಕೇಳುತ್ತಿತ್ತು, ಈಗ ಬಾಗಿಲು ತೆಗೆದಾಗಲೇ ಗೊತ್ತಾಗುತ್ತಿತ್ತು. “ರೀ, ಮೂಲೇಲಿರೋ ಚರಂಡಿ ಮುಚ್ಚಳದ ಮೇಲೆ ಅಕ್ಷರ ಇದೆಯಲ್ಲ, ಅದು ಕಾಲಿಗೆ ಒಂದೊಂದಾಗಿ ಗೊತ್ತಾಗುತ್ತೆ,” ಎಂದಳು ಒಂದು ದಿನ. ಹೊಸ ಆಟಿಕೆ ಸಿಕ್ಕ ಮಗುವಿನ ಮುಖ ಇತ್ತು ಅವಳದು.

ಮೂರನೆಯ ವಾರ ಅಂಗಾಲು ಹಿಡಿಯಿತು. ಬೆರಳುಗಳ ಬುಡದಲ್ಲಿ, ಪಾದದ ಎಲ್ಲ ಭಾರ ಬೀಳುವ ಕಡೆ, ಸುಟ್ಟಂತೆ ನೋವು. ಸೀಟಿಯ ಹಾಳೆ ಪ್ರಕಾರ ನಾಲ್ಕು ದಿನ ನಿಲ್ಲಿಸಿದಳು, ಮತ್ತೆ ಓಡಿದಳು, ಮತ್ತೆ ನೋವು. ಮತ್ತೆ ನಿಲ್ಲಿಸಿದಳು. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಪಾದವನ್ನು ಎರಡೂ ಕೈಯಲ್ಲಿ ಅದುಮಿಕೊಳ್ಳುತ್ತಾ, “ನನ್ನ ಕೈಲಾಗಲ್ಲ ಅನ್ಸುತ್ತೆ ರೀ,” ಎಂದಳು. ನಾನು ಅವಳನ್ನು ಮದುವೆಯಾಗಿ ಹತ್ತೊಂಬತ್ತು ವರ್ಷ. ಉರಿಯುವ ಗೋದಾಮಿನಿಂದ ಹುಬ್ಬು ಸುಟ್ಟುಕೊಂಡು ಬಂದ ದಿನವೂ ಆ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ.

ಮರುದಿನ ಅವಳಿಗೆ ಇಪ್ಪತ್ನಾಲ್ಕು ಗಂಟೆಯ ಡ್ಯೂಟಿ. ಠಾಣೆಯಲ್ಲಿ ಬೂಟು ಹಾಕುತ್ತಾಳೆ, ಹಾಗಾಗಿ ತೆಳು ಶೂ ಮನೆಯಲ್ಲೇ ಇತ್ತು. ಮಧ್ಯಾಹ್ನ ಅದನ್ನು ಕೆಳಗಿನ ಕೋಣೆಗೆ ಒಯ್ದೆ. ಒಳಗಿನ ಬಟ್ಟೆಯ ಪದರವನ್ನು ಬಿಸಿಗಾಳಿ ಹಿಡಿದು ಮೆಲ್ಲಗೆ ಎಬ್ಬಿಸಿದೆ. ಅಂಗಡಿಯ ಅಂಟು, ಬೆಣ್ಣೆಯಂತೆ ಬಿಟ್ಟುಕೊಂಡಿತು. ನಡುವೆ ಮೂರು ಮಿಲಿಮೀಟರ್ ದಪ್ಪ ಬರುವಂತೆ ಎರಡು ಚೂರು ಫೋಮ್ ಕತ್ತರಿಸಿದೆ. ಬೆರಳುಗಳ ಬುಡದ ಹಿಂದೆ, ಭಾರ ಎತ್ತಿಕೊಳ್ಳಲೆಂದು, ಅಂಗಿ ಗುಂಡಿಯಷ್ಟಗಲದ ಸಣ್ಣ ಉಬ್ಬು ಕೂರಿಸಿದೆ. ಆಮೇಲೆ ಅಂಚು ಇಳಿಸಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಇಳಿಸಿರಲಿಲ್ಲ. ಬೆರಳು ಆಡಿಸಿದರೆ ಎಲ್ಲಿ ಶುರು, ಎಲ್ಲಿ ಕೊನೆ ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ಪದರ ಮತ್ತೆ ಅಂಟಿಸಿ, ಒಣಗಿಸಿ, ಬಾಗಿಲ ಬಳಿ ಇದ್ದಲ್ಲೇ ಇಟ್ಟೆ.

ತಲೆ ಎತ್ತಿದರೆ ಅತ್ತೆ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. “ಅವಳು ಕೇಳಿದ್ಲಾ?” ಅಂದರು.

“ಎರಡು ವಾರದ ಮಟ್ಟಿಗೆ ಅತ್ತೆ. ಕಾಲು ಸ್ವಲ್ಪ ಸುಧಾರಿಸಿಕೊಳ್ಳಲಿ, ಆಮೇಲೆ ತೆಗೆದುಬಿಡ್ತೀನಿ.”

ಅವರು ಮೇಲೆ ಹೋದರು.

ನೋವು ಹೋಯಿತು. ಹೋಗದೆ ಏನು? ನಾಲ್ಕು ನಿಮಿಷ ಐದಾಯಿತು, ಐದು ಎಂಟಾಯಿತು. ಅವಳು ಬೆಳಿಗ್ಗೆ ಬಂದು ಕ್ಯಾಲೆಂಡರಿನಲ್ಲಿ ಅಂಕಿ ಬರೆಯುತ್ತಿದ್ದಳು, ಬರೆದು ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದಳು. ಎರಡು ವಾರ ಕಳೆದಾಗ ತೆಗೆಯಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ಹನ್ನೆರಡು ನಿಮಿಷಕ್ಕೆ ಬಂದಿದ್ದಳು. ಈಗ ತೆಗೆದರೆ ಮತ್ತೆ ನೋವು, ಮತ್ತೆ ಆ ಮೆಟ್ಟಿಲು, ಮತ್ತೆ ಆ ಮಾತು. ಇನ್ನೊಂದು ವಾರ ಹೋಗಲಿ ಅಂದುಕೊಂಡೆ. ಹಾಗೆ ಅಂದುಕೊಳ್ಳುತ್ತಾ ಎಂಟು ವಾರ ಕಳೆದೆ. ನಿಜ ಹೇಳಬೇಕೆಂದರೆ, ಒಳಗೊಳಗೇ ಖುಷಿಯೂ ಇತ್ತು. ಸೀಟಿ ತನ್ನ ಹಾಳೆ ಗೆದ್ದಿತು ಅಂದುಕೊಂಡು ಬೀಗುತ್ತಿದ್ದಾನೆ, ಗೆದ್ದದ್ದು ನನ್ನ ಫೋಮ್ ಎಂದು ನಾನು ಒಬ್ಬನೇ ಮೀಸೆಯಡಿ ನಗುತ್ತಿದ್ದೆ. ಈ ನಗು ನೆನೆದರೆ ಈಗ ನಾಚಿಕೆಯಾಗುತ್ತದೆ.

“ಈಗ ಮುಚ್ಚಳದ ಮೇಲಿನ ಅಕ್ಷರ ಕಾಲಿಗೆ ಗೊತ್ತಾಗಲ್ಲ ರೀ,” ಎಂದಳು ಒಮ್ಮೆ. “ಅಂಗಾಲು ಗಟ್ಟಿಯಾಗಿಬಿಟ್ಟಿದೆ.” ನಾನು ಪತ್ರಿಕೆಯಲ್ಲಿ ಮುಖ ಹುದುಗಿಸಿಕೊಂಡೆ.

ನಿಲ್ಲದೆ ಇಪ್ಪತ್ತು ನಿಮಿಷ ಓಡಿದ ದಿನ ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಕಣ್ಣು ಕೆಂಪಾಗಿತ್ತು. ಧೂಳು ಬಿತ್ತಾ ಎಂದು ಕೇಳಿದೆ. “ಇಲ್ಲ. ತಿರುವಿನಲ್ಲಿ ಬಂದಾಗ ಅಳು ಬಂದುಬಿಡ್ತು. ನಲವತ್ತೈದು ವರ್ಷಕ್ಕೆ ಕಾಲು ಹೊಸದಾಗಿ ಏನೋ ಕಲೀತಲ್ಲ ಅಂತ,” ಎಂದು ಸೆರಗಿಲ್ಲದ್ದರಿಂದ ಟಿ-ಶರ್ಟಿನ ತೋಳಿನಲ್ಲೇ ಮೂಗು ಒರೆಸಿಕೊಂಡಳು. ಒಳಗೆ ಕುರ್ಚಿಯಲ್ಲಿ ಕೂತಿದ್ದ ಅತ್ತೆ ನನ್ನನ್ನೇ ನೋಡುತ್ತಿದ್ದರು. ನಾನು ಕೆಳಗೆ ಕೆಲಸವಿದೆ ಎಂದು ಜಾರಿಕೊಂಡೆ.

ಪರೀಕ್ಷೆಗೆ ಎರಡು ವಾರ ಇದ್ದಾಗ ಅವಳು ಅದೇ ಕಂಪನಿಯ ಇನ್ನೊಂದು ಜೊತೆ ಶೂ ಕೊಂಡಳು. ಹಳೆಯದರ ಅಡಿ ಸವೆದಿತ್ತು, ಪರೀಕ್ಷೆಗೆ ಹೊಸದಿರಲಿ ಅಂತ. ಅದನ್ನು ಠಾಣೆಯ ಕಪಾಟಿನಲ್ಲೇ ಇಟ್ಟಿದ್ದಳು, ಮನೆಗೆ ತಂದಿರಲಿಲ್ಲ. ನನಗೆ ಗೊತ್ತಾಗುವ ಸಂಭವವೇ ಇರಲಿಲ್ಲ. ಆ ಶನಿವಾರ ಸೀಟಿ ಕವಾಯತು ಮೈದಾನದಲ್ಲಿ ಪೂರ್ತಿ ಎರಡೂವರೆ ಕಿಲೋಮೀಟರ್ ಓಡಿಸಿ ನೋಡಿದ. ಇವಳು ಹೊಸ ಶೂ ಹಾಕಿಕೊಂಡು ಓಡಿದಳು. ಅರ್ಧ ದಾರಿಯಲ್ಲಿ ಪಾದ ಉರಿಯತೊಡಗಿತಂತೆ. ಹೊಸದರ ಬಿಗಿ ಇರಬೇಕು ಎಂದು ಹಲ್ಲು ಕಚ್ಚಿ ಮುಗಿಸಿದಳು, ಹದಿನಾಲ್ಕು ನಿಮಿಷ ಐವತ್ತು ಸೆಕೆಂಡಿನಲ್ಲಿ. ಮುಗಿಸಿದ ಮೇಲೆ ಎಡ ಪಾದ ನೆಲಕ್ಕೆ ಊರಲಾಗಲಿಲ್ಲ. ಇಬ್ಬರು ಹೆಗಲು ಕೊಟ್ಟು ಮನೆಗೆ ಕರೆತಂದರು.

ಎರಡನೇ ಬೆರಳಿನ ಬುಡದ ಮೂಳೆಯಲ್ಲಿ ಬಿರುಕು. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಕೂದಲೆಳೆಯಷ್ಟು. “ತಯಾರಿಲ್ಲದ ಪಾದದ ಮೇಲೆ ಒಮ್ಮೆಗೇ ಭಾರ ಹಾಕಿದ್ರೆ ಹೀಗಾಗುತ್ತೆ,” ಎಂದರು. ಸೀಟಿಯೂ ಬಂದಿದ್ದ, ತಲೆ ಕೆರೆದುಕೊಂಡು, “ತಯಾರಿಲ್ಲದ್ದು ಅಂದ್ರೆ ಹೇಗೆ ಡಾಕ್ಟ್ರೇ, ಹದಿನಾಲ್ಕು ವಾರ ಮಾಡಿದಾರೆ,” ಎಂದ. ಏನಾಗಿದೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಹೇಳಲಿಲ್ಲ.

ಪಟ್ಟಿ ಬಿಗಿದ ದಪ್ಪ ಬೂಟಿನಲ್ಲಿ ಆರು ವಾರ. ಪರೀಕ್ಷೆಯ ದಿನ ಅವಳು ಸೋಫಾ ಮೇಲೆ ಕಾಲು ಚಾಚಿಕೊಂಡು ಗೋಡೆ ನೋಡುತ್ತಿದ್ದಳು. ಠಾಣೆಯಿಂದ ಒಂದು ಫಾರಂ ಬಂತು. ಆರು ತಿಂಗಳ ನಂತರ ಇನ್ನೊಂದು ಅವಕಾಶ ಬೇಕೆ, ಅಥವಾ ಕಾಯಂ ಆಗಿ ಕಂಟ್ರೋಲ್ ರೂಮಿಗೆ ಹೋಗಲು ಒಪ್ಪಿಗೆಯೆ, ಎರಡರಲ್ಲಿ ಒಂದಕ್ಕೆ ಗುರುತು ಹಾಕಿ ತಿಂಗಳ ಕೊನೆಯೊಳಗೆ ಸಹಿ ಮಾಡಿ ಕೊಡಬೇಕು. ಮೂರು ವಾರ ಅದು ಫ್ರಿಜ್ಜಿನ ಮೇಲಿತ್ತು. ಆ ಮೂರು ವಾರ ನಾನು ಚೆನ್ನಾಗಿ ಸೇವೆ ಮಾಡಿದೆ. ಐಸ್ ತಂದೆ, ದಿಂಬು ಸರಿಮಾಡಿದೆ, ಕೇಳದಿದ್ದರೂ ಚಹಾ ಕೊಟ್ಟೆ. ತಪ್ಪು ಮಾಡಿದವರು ಹೀಗೇ ಅತಿಯಾಗಿ ಒಳ್ಳೆಯವರಾಗುತ್ತಾರೆ ಎಂದು ನನಗೆ ಆಗ ತಿಳಿಯಿತು.

ಒಂದು ಬೆಳಿಗ್ಗೆ ಅವಳು ಫಾರಂ ತೆಗೆದುಕೊಂಡು ಪೆನ್ ಕೇಳಿದಳು.

“ಯಾವುದಕ್ಕೆ ಗುರುತು?” ಅಂದೆ.

“ಕುರ್ಚಿಗೆ. ಇನ್ನೇನಿದೆ? ಎಷ್ಟು ನಿಧಾನವಾಗಿ, ಎಷ್ಟು ಸರಿಯಾಗಿ ಮಾಡಿದ್ರೂ ಈ ಕಾಲು ಕೈ ಕೊಡ್ತು. ವಯಸ್ಸಾಯ್ತು ಅಂತ ಒಪ್ಕೋಬೇಕು.” ಅವಳ ದನಿಯಲ್ಲಿ ಸಿಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಸಿಟ್ಟು ಇರಲಿಲ್ಲ.

ಅತ್ತೆ ಒಗೆದ ಬಟ್ಟೆ ಮಡಿಸುತ್ತಿದ್ದರು. ಮಡಿಸುತ್ತಲೇ, ತಲೆ ಎತ್ತದೆ, “ಅಳಿಯಂದಿರೇ, ಪೆನ್ ಕೊಡೋಕೆ ಮುಂಚೆ ನೀವೇನೋ ಹೇಳೋದಿತ್ತಲ್ಲ,” ಎಂದರು.

ನಾನು ಬಾಗಿಲ ಬಳಿ ಹೋಗಿ ಹಳೆಯ ಜೊತೆ ತಂದು ಅವಳ ಮುಂದೆ ಕೂತೆ. ಬಾಯಲ್ಲಿ ಹೇಳಲು ಧೈರ್ಯ ಸಾಲಲಿಲ್ಲ. ಉಗುರಿನಿಂದ ಪದರ ಕಿತ್ತೆ. ಕೆಳಗಿದ್ದ ಬೂದು ಬಣ್ಣದ ಫೋಮ್ ತೆಗೆದು ಮೇಜಿನ ಮೇಲಿಟ್ಟೆ. ಇನ್ನೊಂದು ಶೂನದನ್ನೂ ತೆಗೆದಿಟ್ಟೆ. ಅವಳು ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ನೋಡಿದವಳು. ವಿವರಿಸಬೇಕಾಗಲಿಲ್ಲ. ಒಂದು ಚೂರನ್ನು ಎತ್ತಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು.

“ಯಾವಾಗಿಂದ?”

“ಮೂರನೇ ವಾರ. ನೀನು ಮೆಟ್ಟಿಲ ಮೇಲೆ ಕೂತಿದ್ಯಲ್ಲ, ಅದರ ಮಾರನೇ ದಿನ. ನಿನ್ನ ನೋವು ನೋಡೋಕಾಗ್ಲಿಲ್ಲ ಕಣೇ. ಎರಡೇ ವಾರ ಅಂದ್ಕೊಂಡಿದ್ದೆ.”

ಅವಳು ಕ್ಯಾಲೆಂಡರಿನ ಕಡೆ ನೋಡಿದಳು. ಹಾಳೆ ಮಗುಚಿ ಹೋಗಿತ್ತು, ಅಂಕಿಗಳು ಕಾಣುತ್ತಿರಲಿಲ್ಲ. “ಇಪ್ಪತ್ತು ನಿಮಿಷ ಓಡಿದ್ನಲ್ಲ, ಅವತ್ತು?”

“ಇತ್ತು.”

“ನಾನು ಅತ್ತಿದ್ದೆ ಅವತ್ತು.”

“ಗೊತ್ತು.”

“ಗೊತ್ತಿದ್ದೂ ನೋಡ್ತಾ ನಿಂತಿದ್ರಿ.” ಅವಳು ಚೂರನ್ನು ಮೇಜಿನ ಮೇಲಿಟ್ಟಳು. “ಮೂಳೆ ಮುರಿದದ್ದಕ್ಕೆ ನಾನೇನೂ ಅನ್ನಲ್ಲ ರೀ, ಮೂಳೆ ಕೂಡ್ಕೊಳ್ಳುತ್ತೆ. ಅವತ್ತು ಓಡಿದ್ದು ನಾನು ಅಂದ್ಕೊಂಡಿದ್ದೆ. ಈಗ ಅದು ನಂದೋ ನಿಮ್ಮದೋ ಅಂತ ನನಗೆ ಯಾವತ್ತಿಗೂ ಗೊತ್ತಾಗಲ್ಲ.”

ಕ್ಷಮಿಸು ಅಂದೆ. ಅವಳು ಪೆನ್ ತೆಗೆದುಕೊಂಡು, ಇನ್ನೊಂದು ಅವಕಾಶ ಬೇಕು ಎನ್ನುವ ಕಡೆ ಗುರುತು ಹಾಕಿ ಸಹಿ ಮಾಡಿದಳು.

ಮೂಳೆ ಕೂಡಿದ ಮೇಲೆ ಮತ್ತೆ ಒಂದು ನಿಮಿಷದಿಂದ ಶುರು ಮಾಡಿದಳು. ಈ ಸಲ ನನ್ನ ಕಣ್ಣೆದುರಿಗೆ ಅಲ್ಲ. ಶೂ ಠಾಣೆಯ ಕಪಾಟಿನಲ್ಲಿ ಇರುತ್ತಿತ್ತು, ಕಪಾಟಿಗೆ ಬೀಗ. ಓಡುವುದೂ ಅಲ್ಲೇ, ಕವಾಯತು ಮೈದಾನದಲ್ಲಿ. ಮನೆಯಲ್ಲಿ ನಾವು ಮಾತಾಡುತ್ತಿದ್ದೆವು, ನಗುತ್ತಲೂ ಇದ್ದೆವು, ಸೊಪ್ಪು ಬಿಡಿಸುವಾಗ ಅವಳು ನನ್ನನ್ನು ಎಂದಿನಂತೆ ಗದರುತ್ತಿದ್ದಳು. ಆದರೆ ಓಟದ ವಿಷಯ ಮಾತ್ರ ಮನೆಯೊಳಗೆ ಬರಲಿಲ್ಲ. ಅವಳು ಮೆಟ್ಟಿಲನ್ನು ಹಿಂದುಮುಂದಾಗಿ ಇಳಿದರೆ ಮೀನಖಂಡ ಬಿಗಿದಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಸರಿಯಾಗಿ ಇಳಿದರೆ ಒಗ್ಗುತ್ತಿದೆ ಎಂದುಕೊಳ್ಳುತ್ತಿದ್ದೆ. ಒಂದು ವಾರ ಪೂರ್ತಿ ಕುಂಟಿದಳು. ನನ್ನ ಕೈ ಕಡಿಯುತ್ತಿತ್ತು. ಕೆಳಗೆ ಹೋಗಿ ಯಾರದೋ ಅಟ್ಟೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಉಜ್ಜಿ ಹಾಳು ಮಾಡಿದೆ. ಅವಳು ಕುಂಟಿದಳು, ನಿಲ್ಲಿಸಿದಳು, ಮತ್ತೆ ಹೋದಳು. ಎಷ್ಟು ನಿಮಿಷಕ್ಕೆ ಬಂದಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಪರೀಕ್ಷೆ ಯಾವತ್ತು ಎಂದೂ ಗೊತ್ತಿರಲಿಲ್ಲ. ಕೇಳುವ ಹಕ್ಕು ಕಳೆದುಕೊಂಡಿದ್ದೆ, ಕೇಳಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಸೀಟಿ ಫೋನ್ ಮಾಡಿದ. ಗ್ರೈಂಡರ್ ಆರಿಸಿ ಎತ್ತಿಕೊಂಡೆ.

“ಸಾರ್, ಪಾರ್ಟಿ ಯಾವಾಗ?”

“ಯಾವ ಪಾರ್ಟಿ?”

“ಮೇಡಂ ಹೇಳ್ಲಿಲ್ವಾ? ಬೆಳಿಗ್ಗೇನೇ ಪಾಸಾದ್ರು ಸಾರ್. ಹದಿನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಮುಗಿಸಿ ಬಂದು ಆರಾಮಾಗಿ ನಿಂತಿದ್ರು, ಕಾಲಿಗೂ ಏನಿಲ್ಲ, ಮಂಡಿಗೂ ಏನಿಲ್ಲ.”

ನಾನು ಒಳ್ಳೆಯದು, ಒಳ್ಳೆಯದು ಎಂದು ಎರಡು ಸಲ ಹೇಳಿ ಫೋನ್ ಇಟ್ಟೆ. ಕುರ್ಚಿಯಲ್ಲಿ ಕೂತೆ. ಸಂತೋಷವಾಯಿತು, ಅದರ ಜೊತೆಗೇ ಬೆಳಿಗ್ಗೆಯಿಂದ ಅವಳು ಒಂದು ಫೋನ್ ಮಾಡಲಿಲ್ಲವಲ್ಲ ಎಂಬ ಸಂಕಟವೂ ಹತ್ತಿತು. ಆರು ತಿಂಗಳಿಗೆ ನನಗೆ ಬಂದ ಮೊದಲ ಸುದ್ದಿ, ಅದೂ ಪರರ ಬಾಯಿಂದ.

ಸಂಜೆ ಬಂದಳು. ಚೀಲ ಇಟ್ಟಳು, ಕೈಕಾಲು ತೊಳೆದಳು, ಎರಡು ಲೋಟ ಚಹಾ ಮಾಡಿ ಒಂದನ್ನು ನನ್ನ ಮುಂದಿಟ್ಟು ಎದುರಿಗೆ ಕೂತಳು. ಮುಖ ತಿಳಿಯಾಗಿತ್ತು. ನೋಡಲೇಬಾರದೆಂದುಕೊಂಡರೂ ನೋಡಿದೆ.

“ಯಾರು ಹೇಳಿದ್ರು?” ಎಂದಳು. ನನ್ನ ಮುಖದಲ್ಲಿ ಗುಟ್ಟು ನಿಲ್ಲುವುದಿಲ್ಲ; ಶೂ ಒಳಗೆ ಮಾತ್ರ ನಿಲ್ಲುತ್ತದೆ.

“ನಿಮ್ಮ ಸೀಟಿ.”

“ಅವನ ಬಾಯಿಗಿಷ್ಟು!” ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ನಿಮಗೆ ಹೇಳಬಾರದು ಅಂತ ಅಲ್ಲ. ಅಮ್ಮಂಗೂ ಹೇಳಿಲ್ಲ. ಇವತ್ತೊಂದು ದಿನ ಅದು ನನ್ನ ಹತ್ರಾನೇ ಇರ್ಲಿ ಅಂತ. ಯಾರೂ ಮುಟ್ಟದೆ. ನಾಳೆ ಹೇಳ್ತಿದ್ದೆ.”

“ಸರಿ,” ಅಂದೆ. “ಹಾಗಾದ್ರೆ ನಾನಿನ್ನೂ ಕೇಳಿಲ್ಲ. ನಾಳೆ ಹೇಳು.”

ಅವಳು ನನ್ನನ್ನು ದಿಟ್ಟಿಸಿದಳು. ಆಮೇಲೆ ಚಹಾ ಕುಡಿದಳು. ನಾವು ನಲ್ಲಿ ಸೋರುವ ವಿಷಯ ಮಾತಾಡಿದೆವು, ನೆರೆಮನೆಯ ಮಾಸ್ತರರ ಹೊಸ ಕನ್ನಡಕದ ವಿಷಯ ಮಾತಾಡಿದೆವು. ಅತ್ತೆ ಇಬ್ಬರನ್ನೂ ನೋಡಿ, ಏನು ನಡೀತಿದೆ ಈ ಮನೇಲಿ, ಎಂದು ಗೊಣಗಿದರು.

ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಅವಳು ಬಚ್ಚಲ ಬಾಗಿಲಿಗೆ ಬಂದು ನಿಂತಳು.

“ರೀ, ನಾನು ಪಾಸಾದೆ.”

ಬಾಯಿ ತುಂಬ ನೊರೆ. ಉಗುಳಿ, ಬಾಯಿ ತೊಳೆದುಕೊಂಡು, ಅವಳ ಕಡೆ ತಿರುಗಿದೆ.

“ಎಷ್ಟರಲ್ಲಿ?” ಅಂದೆ.